ಒಂದೇ ಸಲ ಕೇಳಿದ ಖಲಾಸ್

ಲಿಫ್ಟ್ ಕಾಕಾ ಅವರ ಹತ್ತೂ ಬೆರಳ ತುದಿ ಬೋಳು. ಮರಳುಗಲ್ಲು ಗೆರೆಗಳನ್ನೆಲ್ಲ ಉಜ್ಜಿ ತಿಂದಿತ್ತು. ಇಲ್ಲಿನ ವಾಸದ ಪರವಾನಗಿ ಇಕಾಮಾದ ನವೀಕರಣಕ್ಕೆ ಹೋದಾಗಲೆಲ್ಲ ಬೆರಳಚ್ಚಿನ ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲ. "ನಾ ಇಲ್ಲೇ ಇಲ್ಲ ಅಂತೈತಿ ಮಷಿನ್ನು!" ಎಂದು ನಗುತ್ತಿದ್ದರು. ಆ ನಗು ನನಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಕೊಲ್ಲಿ ನಾಡಿನ ಈ ಹವಲ್ಲಿಯಲ್ಲಿ ನಮ್ಮ ಕಟ್ಟಡದ ಲಿಫ್ಟ್ ರಿಪೇರಿಗೆ ಬಂದವರು, ಬ್ಯಾಂಕಿನ ಕುರ್ಚಿಯಲ್ಲಿ ಬೆಳೆಸಿದ ನನ್ನ ಹೊಟ್ಟೆ ನೋಡಿ, "ಶುಕ್ರವಾರ ಸೂಟಿ, ಗುಡ್ಡಾ ಹತ್ತಾಕ ನನ್ನ ಕೂಡ ಬಾ" ಎಂದರು. ಬಾದಾಮಿಯ ಬಂಡೆಗಳ ಮೇಲೆ ಆಡಿ ಬೆಳೆದ ಜೀವ ಅದು. ಇಲ್ಲಿ ಸಿಕ್ಕಿದ್ದು ಮುತ್ಲಾ ದಿಬ್ಬದ ಉದುರುಗಲ್ಲು. ಪ್ರತಿ ಕಲ್ಲನ್ನೂ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಆಮೇಲೆ ಹಿಡಿಯುವರು. ಮೇಲೆ ತಲುಪಿ ಗಟ್ಟಿಯಾಗಿ ಕಟ್ಟಿಕೊಂಡ ಮೇಲೆ "ಖಲಾಸ್" ಎಂದು ಮೂರು ಸಲ ಕೂಗುವರು. ಅವರ ಸೊಂಟದಿಂದ ಬಂಡೆಗೆ ಸಿಕ್ಕಿಸಿದ ಕೊಂಡಿಗಳ ಮೂಲಕ ಇಳಿದ ಹಗ್ಗವನ್ನು ಕೆಳಗೆ ನಿಂತ ನಾನು ಆಗಷ್ಟೇ ಬಿಡಬೇಕು.

"ಒಂದ ಸಲ ಕರದ್ರ ಓ ಅನಬ್ಯಾಡ. ಮನಷ್ಯಾ ಆದ್ರ ಮತ್ತ ಕರೀತಾನ. ಅದು ಒಮ್ಮೆ ಅಷ್ಟ ಕರೀತೈತಿ."

"ಅದು ಅಂದ್ರೆ ಯಾವುದು, ಕಾಕಾ?" ಎಂದು ಛೇಡಿಸುತ್ತಿದ್ದೆ.

ಒಂದು ಜನವರಿ ಮಧ್ಯಾಹ್ನ. ಗಾಳಿಯೇ ಇರಲಿಲ್ಲ. ಕಾಕಾ ಬಂಡೆಯ ಅಂಚಿನಾಚೆ ಮರೆಯಾದರು. ಸ್ವಲ್ಪ ಹೊತ್ತಿಗೆ ಅವರದೇ ದನಿ: "ಖಲಾಸ್!" ನನ್ನ ಕೈ ಆಗಲೇ ಸಡಿಲವಾಗಿತ್ತು. ಎರಡನೆಯದಕ್ಕೆ ಕಾದೆ. ಬರಲಿಲ್ಲ. ಮುದುಕರು ತಮ್ಮ ನಿಯಮ ತಾವೇ ಮರೆತರಲ್ಲ ಎಂದು ಸಿಟ್ಟು ಬಂತು. ಆದರೂ ಹಗ್ಗ ಬಿಗಿಹಿಡಿದೆ. ಮರುಕ್ಷಣ ಕಲ್ಲೊಂದು ಕಿತ್ತು ಬಂತು, ಅದರ ಹಿಂದೆಯೇ ಕಾಕಾ. ಹಗ್ಗ ಅವರನ್ನು ಅರ್ಧದಾರಿಯಲ್ಲೇ ತಡೆಯಿತು.

ಕೆಳಗಿಳಿಸಿ ರೇಗಿದೆ: "ಒಂದೇ ಸಲ ಯಾಕೆ ಕೂಗಿದ್ರಿ?"

ಮುಖದ ಮರಳು ಒರೆಸುತ್ತಿದ್ದ ಕೈ ನಿಂತಿತು.

"ನಾ ಒದರೇ ಇಲ್ಲೋ, ತಮ್ಮಾ."

ಅಂದಿನಿಂದ ನಾನು ಛೇಡಿಸುವುದನ್ನು ಬಿಟ್ಟೆ.

ಹೋದ ವರ್ಷ ಒಂದು ಶುಕ್ರವಾರ ಬೆಳಿಗ್ಗೆ ಕಾಕಾ ತೀರಿಕೊಂಡರು. ಎದೆನೋವಂತೆ. ಸುದ್ದಿ ತಿಳಿದು ಮಹಬೂಲಾದ ಅವರ ಕೋಣೆಗೆ ಓಡಿದೆ. ಅವರ ಜೊತೆ ಕೋಣೆ ಹಂಚಿಕೊಂಡಿದ್ದ ಉಡುಪಿಯವರೊಬ್ಬರು ನನ್ನನ್ನೇ ದಿಟ್ಟಿಸಿ ಕೇಳಿದರು:

"ನೀವು ಕೆಳಗಿಂದ ಕಾಕಾ ಅಂತ ಕರೆದು ಮತ್ತೆ ಎಂತಕ್ಕೆ ಮೇಲೆ ಬರ್ಲಿಲ್ಲ ಮಾರಾಯ್ರೆ? ಅವ್ರು ಓ, ಬಂದೆ ಅಂತ ಬೂಟು ಹಾಕ್ಲಿಕ್ಕೆ ಕೂತವ್ರು. ಮತ್ತೆ ಏಳ್ಲಿಲ್ಲ."

ಆ ಹೊತ್ತಿಗೆ ನಾನು ಹವಲ್ಲಿಯಲ್ಲಿ ನಿದ್ದೆಯಲ್ಲಿದ್ದೆ.

"ಎಷ್ಟು ಸಲ ಕರೆದದ್ದು ಕೇಳಿಸ್ತು?" ಎಂದೆ.

"ಒಂದೇ ಸಲ."

ನನಗೆ ಅಷ್ಟು ಕಲಿಸಿದವರು. ಕೇಳಿದ್ದು ನನ್ನ ದನಿ ಎಂದಾಗ ಎರಡನೆಯ ಕರೆಗೆ ಕಾಯಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ.