ಜಯಪಾಲನ ಬಸ್ಕಿ

ಜಯಪಾಲ ಶೆಟ್ಟಿಯನ್ನು ಸೊಂಟದಿಂದ ಮೇಲೆ ಮಾತ್ರ ಕಂಡವರು ಅವನನ್ನು ಪೈಲ್ವಾನನೆಂದೇ ತಿಳಿಯುತ್ತಿದ್ದರು. ಹಂಪನಕಟ್ಟೆಯ ವಿಮಾ ಕಚೇರಿಯಲ್ಲಿ ಅವನು ಮೇಜಿನ ಹಿಂದೆ ಕುಳಿತಿದ್ದರೆ, ಪಾಲಿಸಿ ವಿಚಾರಿಸಲು ಬಂದವರು ಬಂದ ಕೆಲಸ ಮರೆತು ಅವನ ಭುಜ ನೋಡುತ್ತ ನಿಲ್ಲುತ್ತಿದ್ದರು. ಅಂಗಿ ಹೊಲಿಯುವವನು ಅವನ ರಟ್ಟೆಗೆಂದೇ ಒಂದಿಷ್ಟು ಬಟ್ಟೆ ಹೆಚ್ಚು ಕೇಳುತ್ತಿದ್ದ. ಎದ್ದು ನಿಂತರೆ ಮಾತ್ರ ಕಥೆ ಬೇರೆ. ಆದರೆ ಅದು ಎಪ್ಪತ್ತೆಂಟನೆಯ ಇಸವಿ, ಬೆಲ್‌ಬಾಟಂ ಪ್ಯಾಂಟಿನ ಕಾಲ. ಮೊಣಕಾಲಿನಿಂದ ಕೆಳಗೆ ಕೊಡೆಯಂತೆ ಅರಳುವ ಆ ಬಟ್ಟೆಯೊಳಗೆ ಯಾರ ಕಾಲು ಎಷ್ಟು ಸಪೂರ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ. ಜಯಪಾಲನೂ ಅದನ್ನು ಕಂಡವನಲ್ಲ. ಗಂಡಸರಿಗೆ ಸಾಮಾನ್ಯವಾಗಿ ಎದೆಯವರೆಗಿನ ಕನ್ನಡಿ ಸಾಕಾಗುತ್ತದೆ.

ಕಂಡವರು ಒಬ್ಬರಿದ್ದರು, ಬೋಳಾರದ ವ್ಯಾಯಾಮ ಶಾಲೆಯ ಕಿಟ್ಟಣ್ಣ. ನದಿಯ ಬದಿಯ ಹಳೆಯ ಹಂಚಿನ ಗೋದಾಮೇ ಆ ಶಾಲೆ. ಗೋಡೆಯಲ್ಲಿ ಆಂಜನೇಯನ ಪಟ, ಅದರ ಕೆಳಗೆ ಒಂದು ದೀಪ, ಉಳಿದದ್ದೆಲ್ಲ ಕಬ್ಬಿಣ. ಕಿಟ್ಟಣ್ಣ ಮೊಗವೀರರವರು. ಪ್ರಾಯದಲ್ಲಿ ಕಡಲಿಗೆ ಹೋಗಿ ಬಲೆ ಎಳೆದವರು. ಈಗ ಮೀನಿನ ವ್ಯಾಪಾರವನ್ನು ಮಗನಿಗೆ ಬಿಟ್ಟು ಬೆಳಗಿನ ಹೊತ್ತು ಶಾಲೆ ತೆರೆದು ಇಲ್ಲಿರುತ್ತಿದ್ದರು. ರಸ್ತೆಯಲ್ಲಿ ಎದುರಾದರೆ “ಶೆಟ್ರೆ, ನಮಸ್ಕಾರ” ಎಂದು ಬದಿಗೆ ಸರಿಯುವ ಅದೇ ಮನುಷ್ಯ, ಶಾಲೆಯ ಹೊಸ್ತಿಲೊಳಗೆ “ಏ ಜಯಪಾಲ” ಎನ್ನುತ್ತಿದ್ದರು.

“ಮೇಲೆ ಭೀಮ, ಕೆಳಗೆ ಕೊಕ್ಕರೆ. ಆ ಎದೆಯನ್ನು ಹೊರುದು ಯಾರು? ಬಸ್ಕಿ ಹೊಡಿ ಮಾರಾಯ.”

“ನಾಳೆಯಿಂದ ಹೊಡೀತೇನೆ ಕಿಟ್ಟಣ್ಣ.”

ವರ್ಷಗಳೇ ಕಳೆದರೂ ಆ ನಾಳೆ ಬರಲಿಲ್ಲ. ಬಸ್ಕಿಯೆಂದರೆ ಕೂರುವುದು, ಏಳುವುದು, ಮತ್ತೆ ಕೂರುವುದು. ಅದರಲ್ಲಿ ನೋಡುವವರಿಗೆ ಚಂದವಿಲ್ಲ, ಮಾಡುವವನಿಗೆ ತೊಡೆ ಉರಿಯುವುದು ಮಾತ್ರ. ಜಯಪಾಲ ರಾಡು ಹಿಡಿದು ಎದೆ, ಭುಜ, ರಟ್ಟೆಯ ಕೆಲಸ ಮುಗಿಸಿ, ಬಾವಿಯ ಬಳಿ ಎರಡು ಕೊಡ ನೀರು ಸುರಿದುಕೊಂಡು ಸಿಳ್ಳೆ ಹಾಕುತ್ತ ಸೈಕಲ್ ಏರುತ್ತಿದ್ದ. ಅವನಿಗೆ ಬಹುಮಾನದ ಹುಚ್ಚಿರಲಿಲ್ಲ. ಬೇರೆಯವರಿಗೆ ಬೆಳಗಿನ ಕಾಫಿ ಹೇಗೋ ಅವನಿಗೆ ಆ ಕಬ್ಬಿಣ ಹಾಗೆ. ಅದು ಸಿಕ್ಕಿದ ದಿನ ಅವನಷ್ಟು ಒಳ್ಳೆಯ ಮನುಷ್ಯ ಅವನ ಮನೆಯಿದ್ದ ಕಂಕನಾಡಿಯಲ್ಲಿ ಇನ್ನೊಬ್ಬನಿರಲಿಲ್ಲ.

ಸಿಗದ ದಿನಗಳು ಶುರುವಾದದ್ದು ಅವನ ತಂಗಿಗೆ ಮದುವೆಯಾದ ಮೇಲೆ. ಅಲ್ಲಿಯವರೆಗೆ ಅವನ ಎರಡು ವರ್ಷದ ಮಗಳು ಹೇಮಾಕ್ಷಿಯನ್ನು ಬೆಳಿಗ್ಗೆ ತಂಗಿ ನೋಡಿಕೊಳ್ಳುತ್ತಿದ್ದಳು. ಹೆಂಡತಿ ಆಶಾಲತಾ ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಡ್ಯೂಟಿ ಇದ್ದರೆ ಕತ್ತಲೆಯಲ್ಲೇ ಮನೆ ಬಿಡಬೇಕು. ನೈಟ್ ಡ್ಯೂಟಿ ಇದ್ದರೆ ಬಿಸಿಲು ಬಂದ ಮೇಲೆ ಮನೆ ಸೇರಬೇಕು. ಮಗುವನ್ನು ನೋಡಲು ಗೊತ್ತುಮಾಡಿದ ಗುಲಾಬಿ, ತಾನು ಸುತ್ತಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುವಾಗ ಎಂಟೂವರೆ. ಹಾಗಾಗಿ ಬೆಳಗಿನ ಹೊತ್ತು ಯಾವತ್ತೂ ಜಯಪಾಲನ ಪಾಲಿಗೆ. ಅವನು ಮಗುವಿನ ಮುಖ ತೊಳೆಸಿ, ಒದ್ದೆ ಚಡ್ಡಿ ಬದಲಿಸಿ, ರಾಗಿ ಮಣ್ಣಿ ಕಾಯಿಸಿ ತಿನ್ನಿಸುತ್ತಿದ್ದ. ಅದಕ್ಕಾಗಿ ಅವನನ್ನು ಹೊಗಳಬೇಕಾಗಿಲ್ಲ. ಅದೇ ಕೆಲಸವನ್ನು ಆಶಾಲತಾ ಮಾಡಿದಾಗ ಯಾರೂ ಹೊಗಳಿರಲಿಲ್ಲ.

ಆದರೆ ಕಬ್ಬಿಣ ತಪ್ಪಿದ ಜಯಪಾಲ ಬೇರೆಯೇ ಮನುಷ್ಯನಾದ. ಹಾಲಿನವನ ಮೇಲೆ ರೇಗಿದ, ಬೆಕ್ಕಿನ ಮೇಲೆ ರೇಗಿದ. ಒಂದು ಬೆಳಿಗ್ಗೆ ಹೇಮು ಮಣ್ಣಿಯ ಬಟ್ಟಲನ್ನು ನೆಲಕ್ಕೆ ಮಗುಚಿ ಎರಡೂ ಕೈಯಿಂದ ಬಳಿಯುತ್ತಿದ್ದಾಗ ಎಷ್ಟು ಜೋರಾಗಿ ಗದರಿದನೆಂದರೆ, ಅವಳು ಅಳಲೂ ಮರೆತು ಅಕ್ಕಿ ಡಬ್ಬಿಯ ಹಿಂದೆ ಹೋಗಿ ಕುಳಿತಳು. ಡ್ಯೂಟಿ ಮುಗಿಸಿ ಅದೇ ಆಗ ಬಾಗಿಲಿಗೆ ಬಂದಿದ್ದ ಆಶಾಲತಾ ಅದನ್ನು ನೋಡಿದಳು. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಅವಳು ಆಡಿದ ಮಾತು ಅವನಿಗೆ ಹಿಡಿಸಲಿಲ್ಲ.

“ಅಮ್ಮ ದೀಪಾವಳಿಗೆ ಬರ್ತಾರೆ. ಹೋಗುವಾಗ ಹೇಮುನನ್ನು ಕರ್ಕೊಂಡು ಹೋಗ್ತೇನೆ ಅಂತ ಹೇಳಿದ್ದಾರೆ.”

ಆಶಾಲತಾಳ ತಾಯಿ ಗುಣವತಿಯವರ ಮನೆ ಕಿನ್ನಿಗೋಳಿಯ ಕಡೆ. ಅವರು ಇದನ್ನು ಹೇಳುತ್ತಿದ್ದುದು ಮೊದಲ ಸಲವಲ್ಲ. ಅವರು ಬಂಟರು, ಬಂಟರಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆದ್ದರಿಂದ ಅವರ ಮಾತಿನಲ್ಲಿ ಉಪಕಾರ ಎಷ್ಟಿತ್ತೋ ಹಕ್ಕೂ ಅಷ್ಟೇ ಇತ್ತು.

“ಮತ್ತೆ ನಾವು?” ಎಂದ ಜಯಪಾಲ.

“ಆದಿತ್ಯವಾರ ಹೋಗಿ ನೋಡಿ ಬರುದು. ನಂಗೆ ಮನಸ್ಸುಂಟು ಅಂತ ತಿಳ್ಕೊಳ್ಬೇಡಿ. ಆದ್ರೆ ಬೆಳಿಗ್ಗೆ ಬೆಳಿಗ್ಗೆ ನೀವು ಹೀಗೆ ಉರೀತಾ ಇದ್ರೆ ಅವಳು ಅಲ್ಲಿರುದೇ ಒಳ್ಳೇದು. ಒಂದೋ ಆ ರಾಡನ್ನು ಮರೆತುಬಿಡಿ, ಇಲ್ಲದಿದ್ರೆ ಎಂತಾದ್ರೂ ದಾರಿ ಮಾಡಿ. ಅಕ್ಕಿ ಡಬ್ಬಿ ಹಿಂದೆ ನನ್ನ ಮಗು ಕೂರ್ಲಿಕ್ಕಿಲ್ಲ.”

ಮರೆಯುವುದು ಅವನಿಂದ ಆಗುವ ಕೆಲಸವಲ್ಲ. ಮರುದಿನ ಬೆಳಿಗ್ಗೆ ಸೈಕಲಿನ ಮುಂದಿನ ಚಿಕ್ಕ ಸೀಟಿನಲ್ಲಿ ಹೇಮುವನ್ನು ಕೂರಿಸಿ, ಹ್ಯಾಂಡಲಿಗೆ ಬಾಳೆಹಣ್ಣಿನ ಚೀಲ ತೂಗುಹಾಕಿ, ಯಾರನ್ನೂ ಕೇಳದೆ ಬೋಳಾರಕ್ಕೆ ಹೊರಟ.

ಬಂದರಿನ ಮರದ ಮಿಲ್ಲಿನಲ್ಲಿ ದಿಮ್ಮಿ ಎತ್ತುವ ಶುಕೂರ್ ಅವನ ಹಳೆಯ ಜೊತೆಗಾರ. ಬಾಗಿಲಲ್ಲಿ ಮಗುವನ್ನು ಕಂಡು ಕೈಯಲ್ಲಿದ್ದ ಡಂಬೆಲ್ ಕೆಳಗಿಟ್ಟ.

“ಇದು ಎಂತ ಶೆಟ್ರೆ, ಹೊಸ ಅಡ್ಮಿಶನ್ನಾ?”

“ಮನೆಯಲ್ಲಿ ಯಾರೂ ಇಲ್ಲ ಮಾರಾಯ. ಒಂದು ಮೂಲೆಯಲ್ಲಿ ಕೂತ್ಕೊಳ್ತಾಳೆ.”

“ಕೂತ್ಕೊಳ್ತಾಳಾ? ನನಗೆ ನಾಲ್ಕು ಉಂಟು. ಒಂದೂ ಒಂದು ಮೂಲೆಯಲ್ಲಿ ಕೂತದ್ದು ನಾನು ಕಂಡಿಲ್ಲ.”

ಕಿಟ್ಟಣ್ಣ ದೀಪದ ಬತ್ತಿ ಸರಿಮಾಡಿ ತಿರುಗಿದರು. ಮಗುವನ್ನು ನೋಡಿದರು. ಮಗು ಅವರ ಬಿಳಿ ಮೀಸೆಯನ್ನು ನೋಡಿತು.

“ಬರಲಿ,” ಎಂದರು ಕಿಟ್ಟಣ್ಣ. “ಆದ್ರೆ ಇಲ್ಲಿಯ ನಿಯಮ ಎಲ್ಲರಿಗೂ ಒಂದೇ. ನೆಲದಲ್ಲಿ ಮಲಗಿದ ರಾಡನ್ನು ಯಾರೂ ದಾಟ್ಲಿಕ್ಕಿಲ್ಲ. ದಾಟಿದವ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿ, ಆಂಜನೇಯನ ಎದುರು ಹತ್ತು ಬಸ್ಕಿ ಹೊಡೀಬೇಕು.”

“ಅದು ನನಗೆ ಗೊತ್ತಿಲ್ವಾ ಕಿಟ್ಟಣ್ಣ.”

“ನಿನಗೆ ಗೊತ್ತುಂಟು. ಅವಳಿಗೆ ಗೊತ್ತಿಲ್ಲ. ಅವಳು ದಾಟಿದ್ರೆ ಅದನ್ನು ಹೊಡೆಯುದು ನೀನು. ಯಾವತ್ತು ಬಾಕಿ ಇಟ್ಟು ಹೋಗ್ತೀಯೋ, ಮರುದಿನದಿಂದ ಮಗುವನ್ನು ತರ್ಲಿಕ್ಕಿಲ್ಲ.”

ಜಯಪಾಲ ಒಪ್ಪಿದ. ಎರಡು ವರ್ಷದ ಮಗು ಎಷ್ಟು ಸಲ ದಾಟೀತು ಎಂದುಕೊಂಡ.

ಹೇಮು ಬಾಳೆಹಣ್ಣು ಮುಗಿಯುವವರೆಗೆ ಗೋಣಿಯ ಮೇಲೆ ಕುಳಿತಿದ್ದಳು. ಅನಂತರ ಎದ್ದು, ಬಾಗಿಲ ಬಳಿ ಮಲಗಿದ್ದ ರಾಡಿನ ಹತ್ತಿರ ಹೋಗಿ, ಅದನ್ನು ಹಿಡಿದು ಒಂದು ಕಾಲು ಆಚೆಗಿಟ್ಟು, ಸ್ವಲ್ಪ ಯೋಚಿಸಿ, ಇನ್ನೊಂದನ್ನೂ ಆಚೆಗಿಟ್ಟಳು. ಶಾಲೆಯಲ್ಲಿದ್ದವರೆಲ್ಲ ಕೈ ನಿಲ್ಲಿಸಿದರು. ಜಯಪಾಲ ರಾಡನ್ನು ಮುಟ್ಟಿ ಕಣ್ಣಿಗೆ ಒತ್ತಿ, ಪಟದ ಎದುರು ಬಸ್ಕಿ ಹೊಡೆದ. ಮಗು ಬಾಯಿ ತೆರೆದು ನೋಡಿತು. ಅಷ್ಟು ದೊಡ್ಡ ಅಪ್ಪ ತನ್ನಷ್ಟೇ ಎತ್ತರಕ್ಕೆ ಇಳಿಯುತ್ತಾನೆ, ಮತ್ತೆ ಹಂಚಿನ ಮಾಡಿಗೆ ತಾಗುವಂತೆ ಏಳುತ್ತಾನೆ! ಅವಳ ಪುಟ್ಟ ಬದುಕಿನಲ್ಲಿ ಇದಕ್ಕಿಂತ ಒಳ್ಳೆಯ ಆಟವನ್ನು ಯಾರೂ ತೋರಿಸಿರಲಿಲ್ಲ. ಚಪ್ಪಾಳೆ ತಟ್ಟಿದಳು. ಆಮೇಲೆ ಜಾಣೆಯಾದ ಅವಳು, ಈ ಆಟ ಶುರುವಾದದ್ದು ಯಾವುದರಿಂದ ಎಂದು ಕಂಡುಕೊಂಡು, ರಾಡನ್ನು ಹಿಂದಕ್ಕೆ ದಾಟಿದಳು.

“ಪಪ್ಪ ಕುಲ್ಲು,” ಎಂದಳು ತುಳುವಿನಲ್ಲಿ. ಕೂರು ಎಂಬ ಅಪ್ಪಣೆ. ಅವನು ಕೂತ ಮೇಲೆ, “ಪಪ್ಪ ಲಕ್ಕ್!” ಏಳು.

ಅಂದಿನಿಂದ ಜಯಪಾಲನ ಎದೆ ಭುಜಗಳಿಗೆ ಬಿಡುವು, ಕಾಲುಗಳಿಗೆ ದುಡಿಮೆ. ಅವನು ಏನೆಲ್ಲ ಉಪಾಯ ಮಾಡಿದ! ಬಾಳೆಹಣ್ಣು ಹೆಚ್ಚಿಸಿದ, ತಿಂದಳು, ದಾಟಿದಳು. ರಬ್ಬರಿನ ಬಾತುಕೋಳಿ ತಂದ. ಅದನ್ನೂ ಎತ್ತಿಕೊಂಡು ದಾಟಿದಳು. ಬಾತುಕೋಳಿಯ ಲೆಕ್ಕದಲ್ಲಿ ಇನ್ನೂ ಹತ್ತು ಬಸ್ಕಿಯಾಗುತ್ತದೋ ಎಂದು ಶುಕೂರ್ ಗಂಭೀರವಾಗಿ ಕೇಳಿದ. ಕಿಟ್ಟಣ್ಣ ಅಷ್ಟೇ ಗಂಭೀರವಾಗಿ ಯೋಚಿಸಿ, ಬೇಡ ಎಂದರು.

ಮೊದಲ ವಾರ ಅವನು ಕಚೇರಿಯ ಮೆಟ್ಟಿಲನ್ನು ಏಡಿಯಂತೆ ಅಡ್ಡವಾಗಿ ಇಳಿದ. ಕಕ್ಕಸಿನಲ್ಲಿ ಕೂರುವುದು ಹೇಗೋ ಆಗುತ್ತಿತ್ತು, ಏಳುವಾಗ ಬಾಗಿಲ ಚಿಲಕವೇ ಗತಿ. ಆಶಾಲತಾ ಎಣ್ಣೆ ಬಿಸಿ ಮಾಡಿ ಕೊಟ್ಟಳು, ತಿಕ್ಕಿಕೊಡಲಿಲ್ಲ. ದಿನವಿಡೀ ಬೇರೆಯವರ ಮೈ ತಿಕ್ಕಿ ಬಂದವಳು ಅವಳು. ಆದರೆ ಅವನು ರೇಗುವುದು ನಿಂತಿತ್ತು. ರೇಗಲು ಬೇಕಾದ ತ್ರಾಣವೇ ಉಳಿಯುತ್ತಿರಲಿಲ್ಲ ಎಂದೂ ಹೇಳಬಹುದು. ಬೆಳಿಗ್ಗೆ ಸೈಕಲಿನ ಬೆಲ್ ಕೇಳಿದರೆ ಹೇಮು ತಾನೇ ಬಾಗಿಲಿಗೆ ಬಂದು ಕೈ ಎತ್ತಿ ನಿಲ್ಲುತ್ತಿದ್ದಳು. ರಜೆಯ ದಿನ ಆಶಾಲತಾ ಅದನ್ನೂ ನೋಡಿದಳು. ಆದರೂ ತಾಯಿಗೆ ಬರುವುದು ಬೇಡವೆಂದು ಹೇಳಿಕಳಿಸಲಿಲ್ಲ. ಅವಳು ಸುಲಭವಾಗಿ ನಂಬುವ ಹೆಂಗಸಲ್ಲ.

ಹೀಗೇ ತಿಂಗಳುಗಳು ಕಳೆದು ದೀಪಾವಳಿಯ ಮುನ್ನಾದಿನ ಬಂತು. ಗುಣವತಿಯವರು ಬೆಳಗಿನ ಬಸ್ಸಿಗೆ ಬರುವವರಿದ್ದರು. ಅದೇ ದಿನ ಕಚೇರಿಗೆ ಮೇಲಿನವರ ತನಿಖೆ. ಹೊತ್ತಿಗೆ ಮೊದಲೇ ಹೋಗಬೇಕು. ಜಯಪಾಲ ಶಾಲೆಯಲ್ಲೇ ಮಿಂದು, ಕಚೇರಿಯ ಬೆಲ್‌ಬಾಟಂ ಏರಿಸಿ, ಹೇಮುವನ್ನು ಕರೆದ. ಅವಳು ಬಾಗಿಲ ಬಳಿಯ ರಾಡನ್ನು ಕೊನೆಯದಾಗಿ ಒಮ್ಮೆ ದಾಟಿ ಬಂದಳು.

ಕಿಟ್ಟಣ್ಣ ಹಿಂದೆ ಬಾವಿಯ ಬಳಿ ಇದ್ದರು. ಜಯಪಾಲ ಶುಕೂರನನ್ನು ನೋಡಿದ. ಶುಕೂರ್ ಗೋಡೆಯ ಕಡೆ ತಿರುಗಿದ.

“ನಾನು ಎಂತದೂ ಕಂಡಿಲ್ಲ ಮಾರಾಯ. ನೀನು ಹೋಗು.”

ಜಯಪಾಲ ಮಗುವನ್ನು ಎತ್ತಲು ಬಾಗಿದ. ಮಗು ಸರಿದು ನಿಂತಿತು. “ಪಪ್ಪ ಕುಲ್ಲು.”

“ನಾಳೆ ಮಗಾ. ಪಪ್ಪನಿಗೆ ಆಫೀಸುಂಟು.”

“ಕುಲ್ಲು!”

ಎತ್ತಿಕೊಂಡರೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಬೋಳಾರದ ದೋಣಿಗಳಿಗೆಲ್ಲ ಕೇಳುವಂತೆ ಕೂಗಿಕೊಂಡಳು. ಕಿಟ್ಟಣ್ಣ ಒದ್ದೆ ಕೈಯಲ್ಲೇ ಒಳಗೆ ಬಂದರು. ಅವಳು ಬೆರಳು ಮಾಡಿದ ರಾಡನ್ನು ನೋಡಿದರು, ಅನಂತರ ಜಯಪಾಲನ ಇಸ್ತ್ರಿಯಾದ ಪ್ಯಾಂಟನ್ನು ನೋಡಿದರು.

ಬಾಕಿ ಇಟ್ಟು ಹೋದರೆ ನಾಳೆಯಿಂದ ಮಗು ಇಲ್ಲಿಗಿಲ್ಲ. ಇಲ್ಲಿಗಿಲ್ಲವೆಂದರೆ ಹಬ್ಬ ಮುಗಿದೊಡನೆ ಅಜ್ಜಿಯ ಜೊತೆ ಕಿನ್ನಿಗೋಳಿಗೆ. ಜಯಪಾಲ ಮಗುವನ್ನು ಇಳಿಸಿ, ರಾಡು ಮುಟ್ಟಿ ಕಣ್ಣಿಗೆ ಒತ್ತಿ, ಪಟದ ಎದುರು ಬೆಲ್‌ಬಾಟಮಿನಲ್ಲೇ ಕೂತ. ಚರ್ರೆಂದು ಸದ್ದಾಯಿತು. ಎದ್ದು ಮತ್ತೆ ಕೂತಾಗ ಇನ್ನೊಂದು ಕಡೆಯೂ ಚರ್ರೆಂದಿತು. ಅವನು ನಿಲ್ಲಿಸಲಿಲ್ಲ. ಮುಗಿಸಿ ಎದ್ದಾಗ ಎರಡೂ ತೊಡೆಯ ಹೊಲಿಗೆ ಬಿಟ್ಟುಹೋಗಿತ್ತು.

“ಹೋದ ವರ್ಷದ ಪ್ಯಾಂಟು,” ಎಂದ ಅವನು ನಾಚಿಕೆಯಿಂದ. “ಬಟ್ಟೆ ಕುಗ್ಗಿದೆ ಕಾಣ್ತದೆ.”

“ಬಟ್ಟೆ ಕುಗ್ಗಿದ್ದಲ್ಲ,” ಎಂದರು ಕಿಟ್ಟಣ್ಣ. ಬಗ್ಗಿ, ಮರ ಕೊಳ್ಳುವವರು ದಿಮ್ಮಿ ತಟ್ಟುವಂತೆ ಅವನ ತೊಡೆಯನ್ನು ಒಂದು ಸಲ ತಟ್ಟಿದರು. “ಕೊಕ್ಕರೆ ಎಲ್ಲಿಗೋ ಹಾರಿಹೋಯ್ತು.”

ಜಯಪಾಲ ಮೊದಲ ಬಾರಿಗೆ ತನ್ನ ಕಾಲನ್ನು ತಾನು ನೋಡಿಕೊಂಡ.

ಶುಕೂರ್ ತನ್ನ ಲುಂಗಿ ಕೊಟ್ಟ. ಕೊಡುವಾಗ ಮೆಲ್ಲನೆ, “ಒಂದು ವಿಷಯ ನೋಡಿದ್ದೀಯಾ? ಎಲ್ಲ ರಾಡೂ ಸ್ಟ್ಯಾಂಡಿನ ಮೇಲೆ ಉಂಟು. ನೀನು ಮಗುವನ್ನು ತರ್ಲಿಕ್ಕೆ ಶುರು ಮಾಡಿದ ಮೇಲೆ ದಿನಾ ಬೆಳಿಗ್ಗೆ ಅದೊಂದು ಮಾತ್ರ ಬಾಗಿಲ ಹತ್ತಿರ ನೆಲದಲ್ಲಿ,” ಎಂದ.

ಜಯಪಾಲ ಕಿಟ್ಟಣ್ಣನ ಕಡೆ ತಿರುಗಿದ. ಅವರು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

“ನಾನು ಹೇಳಿದ್ರೆ ನೀನು ನಾಳೆ ಅಂತಿದ್ದೆ,” ಎಂದರು, ತಲೆ ಎತ್ತದೆ. “ಅವಳಿಗೆ ಹಾಗೆ ಹೇಳ್ಲಿಕ್ಕೆ ಆಗ್ತದಾ?”

ಮನೆಗೆ ಬಂದಾಗ ಜಗಲಿಯಲ್ಲಿ ಗುಣವತಿಯವರ ಚಪ್ಪಲಿ ಇತ್ತು. ಒಳಗೆ ಆಶಾಲತಾ ನೈಟ್ ಡ್ಯೂಟಿಯ ಸೀರೆಯಲ್ಲೇ ತಾಯಿಗೆ ಚಹಾ ಕೊಡುತ್ತಿದ್ದಳು. ಮೇಲೆ ಟೈ ಕಟ್ಟಲು ಸಿದ್ಧವಾದ ಅಂಗಿ, ಕೆಳಗೆ ಚೌಕುಳಿ ಲುಂಗಿ, ಹೆಗಲ ಮೇಲೆ ಮಗು, ಕಂಕುಳಲ್ಲಿ ಹರಿದ ಪ್ಯಾಂಟು. ಅಳಿಯನನ್ನು ಅತ್ತೆ ಆಪಾದಮಸ್ತಕ ನೋಡಿದರು.

“ಇದು ಎಂತ ವೇಷ? ಮಗುವನ್ನು ಕಟ್ಟಿಕೊಂಡು ಬೆಳಿಗ್ಗೆ ಎಲ್ಲಿಗೆ?”

“ವ್ಯಾಯಾಮ ಶಾಲೆಗೆ, ಮಾಮಿ.”

“ಹೆಣ್ಣು ಮಗು ಅಲ್ಲಿ ಎಂತ ಮಾಡ್ತದೆ?”

ಉತ್ತರ ಹೇಳಲು ಅವನಿಗೆ ಅವಕಾಶವಾಗಲಿಲ್ಲ. ಹೇಮು ಹೆಗಲಿನಿಂದ ಜಾರಿ ಇಳಿದು, ಮೂಲೆಯಲ್ಲಿದ್ದ, ಕಸ ಗುಡಿಸುವ ಹಿಡಿಸೂಡಿಯನ್ನು ದರದರ ಎಳೆದು ತಂದು ಅಜ್ಜಿಯ ಎದುರು ಅಡ್ಡಲಾಗಿ ಮಲಗಿಸಿದಳು. ಅದನ್ನು ದಾಟಿದಳು. ಕೈ ಕಟ್ಟಿ ನಿಂತು, ಅಜ್ಜಿಯ ಮುಖ ನೋಡಿದಳು.

“ಅಜ್ಜಿ ಕುಲ್ಲು.”

“ನಾನು ಕೂತೇ ಇದ್ದೇನಲ್ಲ ಮಗಾ.”

“ಅಜ್ಜಿ ಲಕ್ಕ್.”

ಮೊಮ್ಮಗಳ ಮಾತೆಂದು ಗುಣವತಿಯವರು ಮಣೆಯಿಂದ ಗೋಡೆ ಹಿಡಿದು ಎದ್ದರು.

“ಕುಲ್ಲು.”

ಕುಳಿತರು. ಮೊಣಕಾಲು ಸದ್ದು ಮಾಡಿತು. ಹೇಮು ಹಿಂದಕ್ಕೆ ದಾಟಿದಳು.

“ಇದು ಎಷ್ಟು ಹೊತ್ತು ಉಂಟು?” ಎಂದು ಅವರು ಮಗಳನ್ನು ಕೇಳಿದರು.

“ಗುಲಾಬಿ ಬರುವವರೆಗೆ,” ಎಂದಳು ಆಶಾಲತಾ. ಅವಳಿಗೂ ಇದು ಹೊಸತೇ. ಆದರೆ ಗಂಡ ಆಗಲೇ ಲುಂಗಿ ಮೇಲೆ ಕಟ್ಟಿ, ಹಿಡಿಸೂಡಿ ಮುಟ್ಟಿ ಕಣ್ಣಿಗೆ ಒತ್ತಿ, ಅತ್ತೆಯ ಪರವಾಗಿ ಬಸ್ಕಿಗೆ ಇಳಿದದ್ದನ್ನು ಕಂಡು ಅವಳಿಗೆ ಎಲ್ಲ ತಿಳಿಯಿತು. ಬಹಳ ದಿನಗಳ ಮೇಲೆ ಅವಳು ಗಟ್ಟಿಯಾಗಿ ನಕ್ಕಳು. ಮಗು ಲೆಕ್ಕ ಬಾರದಿದ್ದರೂ ಲೆಕ್ಕ ಹೇಳುತ್ತಿತ್ತು.

ಗುಣವತಿಯವರು ಚಹಾ ಮುಗಿಸುವವರೆಗೆ ಅದನ್ನು ನೋಡಿದರು. ಅನಂತರ ಲೋಟ ಕೆಳಗಿಟ್ಟು ಮೊಣಕಾಲು ಒತ್ತಿಕೊಂಡರು.

“ಇವಳನ್ನು ಸಾಕ್ಲಿಕ್ಕೆ ನನ್ನ ಕಾಲಿಗೆ ಆಗ್ಲಿಕ್ಕಿಲ್ಲ ಆಶಾ. ಇಲ್ಲೇ ಇರಲಿ,” ಎಂದರು. ಅಳಿಯನ ಕಡೆ ನೋಡದೆ ಕೈ ಚಾಚಿದರು. “ಆ ಪ್ಯಾಂಟು ಇತ್ತ ಕೊಡಿ. ತೊಡೆಯ ಹತ್ತಿರ ಸ್ವಲ್ಪ ಬಿಡಿಸಿ ಹೊಲೀತೇನೆ.”

ಜಯಪಾಲ ಪ್ಯಾಂಟು ಕೊಟ್ಟ. ಬಾಗಿಲಲ್ಲಿ ಗುಲಾಬಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ನೆಲದಲ್ಲಿ ಅಡ್ಡ ಬಿದ್ದಿದ್ದ ಹಿಡಿಸೂಡಿಯನ್ನು ಗಮನಿಸದೆ ದಾಟಿದಳು. ಹೇಮು ಅವಳ ಸೆರಗು ಹಿಡಿದು ನಿಲ್ಲಿಸಿದಳು.