ಕೊಟ್ಟದ್ದೆಷ್ಟು ಎಂದು ಅಳೆಯುವ ಮೀಟರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಮೀಟರಕ್ಕ ಆಗಲೇ ಅಂಗೈಯಗಲದ ಪೆಟ್ಟಿಗೆಯೊಂದಕ್ಕೆ ತಂತಿ ಸಿಕ್ಕಿಸಿ ಕೂತಿದ್ದಾರೆ. ಉಪಕರಣಗಳನ್ನು ಪರೀಕ್ಷಿಸುವ ಈ ತಂತ್ರಜ್ಞೆಗೆ ನರ್ಸುಗಳು ಇಟ್ಟ ಹೆಸರು ಅದು. ಅಣ್ಣನ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡು, ಸಂಜೆ ತರಗತಿಯಲ್ಲಿ ಓದಿ ಈ ಕುರ್ಚಿಗೆ ಬಂದವರು. ದಿನಕ್ಕೆ ಇಪ್ಪತ್ತೋ ಮೂವತ್ತೋ ಉಪಕರಣ ಇವರ ಕೈ ದಾಟಿಯೇ ಮೇಲೆ ಹೋಗಬೇಕು.

ಪೂರ್ತಿ ಪ್ರಜ್ಞೆ ತಪ್ಪಿಸದೆ ಕೈಯನ್ನೋ ಕಾಲನ್ನೋ ಮಾತ್ರ ಮರಗಟ್ಟಿಸುವಾಗ ಈ ಪೆಟ್ಟಿಗೆ ಬೇಕು. ವೈದ್ಯರ ಸೂಜಿಯ ತುದಿಗೆ ಇದು ಚೂರೇ ಚೂರು ಕರೆಂಟು ಹಾಯಿಸುತ್ತದೆ. ನರ ಹತ್ತಿರವಿದ್ದರೆ ಬೆರಳು ಅದುರುತ್ತದೆ. ಅಲ್ಲಿ ಮದ್ದು ಬಿಡುತ್ತಾರೆ. ಕರೆಂಟು ಹೆಚ್ಚಾದರೆ ಸೂಜಿ ದೂರವಿದ್ದರೂ ಬೆರಳು ಕುಣಿಯುತ್ತದೆ, ಮದ್ದು ಎಲ್ಲೋ ಸೇರುತ್ತದೆ, ರೋಗಿಗೆ ಕತ್ತರಿಯ ನೋವು ತಿಳಿಯುತ್ತದೆ. ಕಡಿಮೆಯಾದರೆ ಹತ್ತಿರ ಹೋದರೂ ಬೆರಳು ಅದುರದೆ, ಸೂಜಿ ನರಕ್ಕೇ ಚುಚ್ಚೀತು.

"ಇದರ ಪರದೆ ಮೇಲೆ ಕಾಣೋದು ನಾವು ಕೇಳಿದ ಕರೆಂಟು. ಅದು ಕೊಟ್ಟಿದ್ದೆಷ್ಟು ಅಂತ ನಾನು ಅಳೀಬೇಕು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನೋ ಪೆಟ್ಟಿಗೆಗಳೂ ಇರ್ತವೆ."

ಇವತ್ತು ಮಾತ್ರ ಅವರಿಗೆ ನಿಜವಾಗಿಯೂ ಭಯ. ಮೊದಲ ಶಸ್ತ್ರಚಿಕಿತ್ಸೆ ಅವರ ಗಂಡನದೇ. ಬಡಗಿ; ಉಳಿ ಜಾರಿ ಬಲಗೈ ಬೆರಳು ಮಡಚುವ ಸ್ನಾಯುರಜ್ಜು ತುಂಡಾಗಿದೆ. ಉಬ್ಬಸದ ಮನುಷ್ಯನಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವುದು ಅಪಾಯವೆಂದು ಕೈಯೊಂದನ್ನೇ ಮರಗಟ್ಟಿಸಲಿದ್ದಾರೆ.

ಇರುವ ಮೂರರಲ್ಲಿ ಎಲ್ಲರ ಅಚ್ಚುಮೆಚ್ಚಿನ ಹಳೆಯ ಪೆಟ್ಟಿಗೆಯೇ ಕೈಕೊಡುತ್ತದೆ: ಅರ್ಧ ಮಿಲಿಆಂಪ್ ಕರೆಂಟು ಎಂದು ತೋರಿಸಿ ಮುಕ್ಕಾಲು ಬಿಡುತ್ತಿದೆ. ಕೆಂಪು ಚೀಟಿ ಅಂಟಿಸಿ ಬದಿಗಿಡುತ್ತಾರೆ. ಉಳಿದೆರಡು ಸರಿಯಿವೆ. ಆದರೂ ಒಂದನ್ನು ಮತ್ತೆ ತಂತಿಗೆ ಸಿಕ್ಕಿಸುತ್ತಾರೆ.

"ಗಂಡ ಅಂತ ಎರಡು ಸಲ ನೋಡ್ತಿಲ್ಲ," ಎನ್ನುತ್ತಾರೆ. ಆಮೇಲೆ ನಕ್ಕು, "ಸುಳ್ಳು ಯಾಕೆ, ಗಂಡ ಅಂತಲೇ."

ಅಷ್ಟರಲ್ಲಿ ಅರಿವಳಿಕೆ ವೈದ್ಯೆ ತಾವೇ ಇಳಿದು ಬರುತ್ತಾರೆ. "ಹಳೇದು ಇಲ್ವಾ? ನನ್ನ ಕೈಗೆ ಒಗ್ಗಿದ್ದು ಅದೇ."

"ಅದಕ್ಕೆ ಇವತ್ತು ರಜೆ ಡಾಕ್ಟ್ರೇ. ಇದನ್ನ ತಗೊಳ್ಳಿ."

"ನೀವು ಕೊಟ್ರೆ ಸರಿ," ಎಂದು ವೈದ್ಯೆ ಅದನ್ನೇ ಒಯ್ಯುತ್ತಾರೆ.

ಮಧ್ಯಾಹ್ನ ವಾರ್ಡಿನಲ್ಲಿ ಗಂಡ ಎಚ್ಚರವಾಗಿಯೇ ಮಲಗಿದ್ದಾರೆ. ಹೊಲಿಗೆ ಹಾಕುವಾಗಲೂ ಬಾಯಿಗೆ ಬಿಡುವಿರಲಿಲ್ಲವಂತೆ. ಬ್ಯಾಂಡೇಜಿನಾಚೆ ಇಣುಕುವ ಬೆರಳುಗಳನ್ನು ಹಿಡಿದು ಮೀಟರಕ್ಕ ಪಕ್ಕದಲ್ಲಿ ಕೂರುತ್ತಾರೆ.

"ನನ್ನ ಕೈ ಎಲ್ಲಿದೆಯೇ?" ಎಂದು ಗಂಡ ಚಾವಣಿ ನೋಡುತ್ತಲೇ ಕೇಳುತ್ತಾರೆ.

"ಇಲ್ಲೇ ಇದೆ. ನಾನೇ ಹಿಡ್ಕೊಂಡಿದೀನಿ."

"ಹಿಡ್ಕೊಂಡಿದ್ದು ಗೊತ್ತೇ ಆಗ್ತಿಲ್ವಲ್ಲ!"

"ಗೊತ್ತಾಗಬಾರದು ಕಣ್ರೀ. ಅದಕ್ಕೇ ನನಗೆ ಸಂಬಳ ಕೊಡೋದು."