ಹನುಮಂತಪ್ಪನ ರೆಕ್ಕೆಗಳ ಹಲಗೆ

ಬಾವಲಿಯ ಮಾತು ಬಂದರೆ ಸಾಕು, ಹನುಮಂತಪ್ಪ ಎದುರಿಗಿದ್ದವರ ಕೈ ಹಿಡಿದು ಬೆರಳುಗಳನ್ನು ಅಗಲಿಸುತ್ತಿದ್ದ. "ಹೆಬ್ಬಟ್ಟು ಬಿಡ್ರಿ, ಅದು ಗ್ವಾಡಿ ಹತ್ತಾಕ ಬೇಕು. ಉಳಿದ ನಾಲ್ಕು ಬೆರಳು ಉದ್ದ ಆಗಿ, ನಡುವ ತೊಗಲು ಬಿಗದ್ರ ಆತು, ಬಾವಲಿ ರೆಕ್ಕಿ!"

ಟಿ.ಬಿ. ಡ್ಯಾಂನ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು, ಆತ ಪ್ರಯೋಗಾಲಯದ ಅಟೆಂಡರ್. ಹಂಪಿಯ ಮಂಟಪಗಳಲ್ಲಿ ಸತ್ತು ಬಿದ್ದ ಬಾವಲಿ, ಕಾಲುವೆ ದಂಡೆಯ ಬೆಳ್ಳಕ್ಕಿಯ ರೆಕ್ಕೆ, ಬುಕ್ಕಸಾಗರದ ಗದ್ದೆಯ ಮಿಡತೆ, ಇವನ್ನು ಆಯ್ದು ತಂದು, ಶುಚಿಮಾಡಿ, ಒಂದೇ ಹಲಗೆಗೆ ಜೋಡಿಸಿದ್ದ. ತೋಳಿನ ಎಲುಬಿಗೆ ಕೆಂಪು, ಬೆರಳಿನದಕ್ಕೆ ಹಳದಿ. ಮಿಡತೆಗೆ ಬಣ್ಣವಿರಲಿಲ್ಲ. "ಎಲುಬ ಇಲ್ಲ, ಯಾತಕ್ಕ ಹಚ್ಚಲಿರಿ?" ಎನ್ನುತ್ತಿದ್ದ.

ಅಂದು ಮೂರನೆಯ ಪೀರಿಯಡ್. ಕೀಟದಿಂದ ಹಕ್ಕಿಗೆ, ಹಕ್ಕಿಯಿಂದ ಬಾವಲಿಗೆ ರೆಕ್ಕೆ ಬಳುವಳಿಯಾಗಿ ಬಂತೆಂದು ನಾನು ಕರಿಹಲಗೆಯ ಮೇಲೆ ಬಾಣ ಎಳೆದೆ. ಗಾಜಿನ ನಳಿಕೆ ಒರೆಸುತ್ತಿದ್ದ ಹನುಮಂತಪ್ಪ ತಲೆಯೆತ್ತಿದ.

"ಹಂಗಲ್ರಿ ಸರ. ಒಬ್ಬರು ಇನ್ನೊಬ್ಬರಿಗೆ ಕೊಟ್ಟದ್ದಲ್ಲ. ಹಕ್ಕಿ ಬೆರಳು ಕೂಡಿ ಸಣ್ಣ ಆಗ್ಯಾವ, ಗರಿ ಬಂದಾವ. ಬಾವಲಿದು ಬೆರಳ ಬೆಳದಾವ. ಮಿಡತಿದು ಆರೂ ಕಾಲು ಹಂಗ ಅದಾವ, ರೆಕ್ಕಿ ಬ್ಯಾರೆ ಕಡಿಂದ ಬಂದಾವ. ಮೂವರೂ ತಮ್ಮದು ತಾವ ಮಾಡಿಕೊಂಡಾರ್ರಿ."

ಹುಡುಗರು ನಕ್ಕರು. ಮೊದಲು ನಕ್ಕವನ ಹೆಸರು ಈಗಲೂ ನೆನಪಿದೆ.

"ನಿನ್ನ ಕೆಲಸ ಗಾಜು ತೊಳೆಯೋದು. ಹೊರಗ ನಡಿ," ಎಂದೆ.

ಆತ ಹೇಳಿದ್ದು ಸರಿಯೆಂದು ಅಂದೇ ಸಂಜೆ ಪುಸ್ತಕದಲ್ಲಿ ಕಂಡೆ. ಮರುದಿನ ಆ ಬಾಣಗಳನ್ನು ಒರೆಸಿದೆ. ಆತನಿಗೆ ಮಾತ್ರ ಏನೂ ಹೇಳಲಿಲ್ಲ. ಹೊಸಪೇಟೆಯ ವಿಜ್ಞಾನ ಮೇಳಕ್ಕೆ ಆ ರೆಕ್ಕೆಗಳ ಹಲಗೆ ಹೊರಟಾಗ, ಮಾಡಿದವರ ಚೀಟಿಯ ಮೇಲೆ ನನ್ನ ಹೆಸರೊಂದನ್ನೇ ಬರೆಸಿದೆ. ಚೀಟಿ ಓದಿದ ಹನುಮಂತಪ್ಪ, "ಚಲೋ ಅಕ್ಷರ ಅದಾವ್ರಿ ಸರ," ಎಂದು ತಾನೇ ಅಂಟು ಕಾಯಿಸಿ ಮೂಲೆಮೂಲೆಗೂ ಒತ್ತಿ ಅಂಟಿಸಿದ.

ಇಬ್ಬರೂ ನಿವೃತ್ತರಾದ ಮೇಲೆ ಒಮ್ಮೆ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಆತ ಎದುರಾದ. ಜೊತೆಗೆ ಮೊಮ್ಮಗಳು. ಆತನ ಬೆರಳುಗಳು ಸೆಟೆದು ಮಡಚಿಕೊಂಡಿದ್ದವು.

"ಸರ, ಈಕಿಗೆ ಬಾವಲಿ ತೋರಸ್ಬೇಕು, ನನ್ನ ಕೈ ಬಿಚ್ಚವಲ್ದು. ನಿಮ್ಮ ಕೈ ಸ್ವಲ್ಪ ಕೊಡ್ರಿ."

ಆ ಮೂರನೆಯ ಪೀರಿಯಡ್ ನೆನಪಾಯಿತು. "ಬಸ್ ಬಂತು," ಎಂದು ಕಂಪ್ಲಿಯ ಬಸ್ ಹತ್ತಿಬಿಟ್ಟೆ. ಅದು ನನ್ನ ಬಸ್ಸಲ್ಲ. ಬುಕ್ಕಸಾಗರದಲ್ಲಿ ಇಳಿದು, ಮರಳುವ ಬಸ್ಸಿಗಾಗಿ ಬಿಸಿಲಿನಲ್ಲಿ ಬಹಳ ಹೊತ್ತು ನಿಂತೆ.

ಮುಂದಿನ ಸಲ ಆತನ ಸುದ್ದಿ ಕೇಳಿದಾಗ ತನ್ನ ಊರು ಮೆಟ್ರಿಯಲ್ಲಿ ಆತ ಮಣ್ಣಾಗಿ ತಿಂಗಳು ಕಳೆದಿತ್ತು.

ಮೊನ್ನೆ ಆತನ ಹೆಸರು ಬರೆದ ಚೀಟಿ ಹಿಡಿದು ಶಾಲೆಗೆ ಹೋಗಿದ್ದೆ. ಹಲಗೆಯಲ್ಲಿ ಬಾವಲಿಯ ಬೆರಳುಗಳು ಉದುರಿವೆ, ಬೆಳ್ಳಕ್ಕಿಯ ಗರಿಗಳನ್ನು ಹುಳು ತಿಂದಿದೆ. ನನ್ನ ಹೆಸರಿನ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದೆ. ಏಳಲಿಲ್ಲ. ಅಷ್ಟು ಗಟ್ಟಿಯಾಗಿ ಅಂಟಿಸಿದ್ದಾನೆ.